ಮೂಳೆಯ ಸೋಂಕಿಗೆ ಜೆಲ್ ಸಾಕೇ?

ಪ್ರಶ್ನೆ: ಎರಡು ವರ್ಷದ ಹಿಂದೆ ನಮ್ಮಣ್ಣ ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಕಣಕಾಲಿನ ಮೂಳೆ ಮುರಿದುಕೊಂಡರು, ಒಳಗೆ ರಾಡ್ ಹಾಕಿದ್ದಾರೆ. ಗಾಯ ಮಾಯ್ದಂತೆ ಕಂಡು ಮತ್ತೆ ಬಾಯಿಬಿಟ್ಟು ಕೀವು ಸೋರುತ್ತದೆ. ಕೀವಿನ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆ) ವರದಿಯಲ್ಲಿ ಎಂ.ಆರ್.ಎಸ್.ಎ. ಎಂದಿದೆ. ಮೂಳೆಯೊಳಗೇ ಔಷಧದ ಜೆಲ್ ತುಂಬುತ್ತಾರಂತೆ. ಅದರಿಂದ ಇನ್ನೊಂದು ಶಸ್ತ್ರಚಿಕಿತ್ಸೆ, ವಾರಗಟ್ಟಲೆಯ ಇಂಜೆಕ್ಷನ್ ತಪ್ಪುತ್ತವೆಯೇ?
– ಓದುಗರೊಬ್ಬರು, ನಾಪೋಕ್ಲು

ಉತ್ತರ: ಶಸ್ತ್ರಚಿಕಿತ್ಸೆ ಬಹುಶಃ ತಪ್ಪುವುದಿಲ್ಲ. ಎಂ.ಆರ್.ಎಸ್.ಎ. ಎಂದರೆ ಮೆಥಿಸಿಲಿನ್ ಬಗೆಯ ಔಷಧಗಳಿಗೆ ಜಗ್ಗದ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಅದನ್ನು ಕೊಲ್ಲಬಲ್ಲ ವ್ಯಾಂಕೊಮೈಸಿನ್‌ನಂಥ ಔಷಧಗಳಿದ್ದರೂ ಅವು ರಕ್ತದ ಜೊತೆ ಸಾಗುತ್ತವೆ. ಸೋಂಕಿನಿಂದ ಸತ್ತ ಮೂಳೆಯ ತುಂಡಿಗೆ ರಕ್ತವೇ ಹರಿಯುವುದಿಲ್ಲ. ಸಾಲದ್ದಕ್ಕೆ ಬ್ಯಾಕ್ಟೀರಿಯಾಗಳು ತೋಡಿನ ಕಲ್ಲಿಗೆ ಹತ್ತಿದ ಲೋಳೆಯಂತೆ ರಾಡಿನ ಮೈಗೆ ಪೊರೆ ಕಟ್ಟಿಕೊಳ್ಳುತ್ತವೆ. ಆ ಪೊರೆಯೊಳಗಿನವನ್ನು ಕೊಲ್ಲಲು ಕೆಲವೊಮ್ಮೆ ನೂರಾರು ಪಟ್ಟು ಹೆಚ್ಚು ಔಷಧ ಬೇಕಾಗುತ್ತದೆ, ರಕ್ತದಲ್ಲಿ ಅಷ್ಟು ಏರಿಸಿದರೆ ಮೂತ್ರಪಿಂಡ ಉಳಿಯದು.

ಆದ್ದರಿಂದಲೇ 1970ರ ದಶಕದಿಂದ ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್ ಬೆರೆಸಿದ, ಮೂಳೆಗೆಂದೇ ಇರುವ ಸಿಮೆಂಟಿನ ಮಣಿಗಳನ್ನು ಸೋಂಕಿನ ಜಾಗದಲ್ಲೇ ಇಡುವ ರೂಢಿಯಿದೆ. ಅವು ಕರಗುವುದಿಲ್ಲ, ಹೊರತೆಗೆಯಲು ಮತ್ತೆ ಕೊಯ್ಯಬೇಕು. ಗಟ್ಟಿಯಾಗುವಾಗ ಸಿಮೆಂಟ್ ಬಿಸಿಯೇರುವುದರಿಂದ ಬಿಸಿ ತಾಳದ ಔಷಧಗಳನ್ನು ಅದರಲ್ಲಿ ಸೇರಿಸುವಂತಿಲ್ಲ. ನೀರು ಹಿಡಿದಿಟ್ಟುಕೊಳ್ಳುವ ಜೆಲ್, ಅಂದರೆ ಹೈಡ್ರೋಜೆಲ್, ಈ ಎರಡು ತೊಡಕುಗಳಿಗೆ ಹುಡುಕಿದ ದಾರಿ. ಮಣ್ಣಿನ ತೇವ ಉಳಿಸಲು ಸಸಿಯ ಗುಂಡಿಗೆ ಹಾಕುವ ಹರಳು ನೀರು ಹೀರಿ ಉಬ್ಬುವುದನ್ನು ನೀವು ಕಂಡಿರಬಹುದು; ತತ್ತ್ವ ಅದೇ, ಪದಾರ್ಥ ಮಾತ್ರ ಬೇರೆ. ಸೀಗಡಿ, ಏಡಿಗಳ ಚಿಪ್ಪಿನಿಂದ ಪಡೆಯುವ ಕೈಟೋಸಾನ್‌ನ ಕೆಲವು ಮಿಶ್ರಣಗಳು ಸಿರಿಂಜಿನಲ್ಲಿ ದ್ರವವಾಗಿದ್ದು, ಮೈಯ 37 ಡಿಗ್ರಿ ಶಾಖಕ್ಕೆ ಜೆಲ್ ಆಗಿ, ಮೂಳೆಯ ಸಂದುಗೊಂದುಗಳನ್ನು ತುಂಬಿಕೊಂಡು, ಔಷಧ ಬಿಡುತ್ತಾ ತಾವೇ ಕರಗಿಹೋಗುತ್ತವೆ.

ಕೊರತೆಗಳೂ ಸಣ್ಣವಲ್ಲ. ಎಷ್ಟೋ ಜೆಲ್‌ಗಳು ಮೊದಲ ದಿನವೇ ಔಷಧದ ಬಹುಪಾಲನ್ನು ಸುರಿದುಬಿಡುತ್ತವೆ, ಕೊನೆಗೆ ಜಿನುಗುವ ಅಲ್ಪ ಪ್ರಮಾಣವು ಬ್ಯಾಕ್ಟೀರಿಯಾವನ್ನು ಕೊಲ್ಲದೆ ಔಷಧಕ್ಕೆ ಜಗ್ಗದಂತೆ ಪಳಗಿಸುವ ಅಪಾಯವಿದೆ. ಯುರೋಪಿನಲ್ಲಿ ಆಂಟಿಬಯಾಟಿಕ್ ಬೆರೆಸಿ ರಾಡಿಗೆ ಬಳಿಯುವ ಹಯಲುರಾನಿಕ್ ಆಮ್ಲದ ಜೆಲ್ ಬಳಕೆಯಲ್ಲಿದೆಯಾದರೂ ಅದರ ಮುಖ್ಯ ಉದ್ದೇಶ ಹೊಸ ರಾಡಿಗೆ ಸೋಂಕು ತಗಲದಂತೆ ಕಾಯುವುದು. ಬ್ಯಾಕ್ಟೀರಿಯಾಭಕ್ಷಕ ವೈರಸ್‌ಗಳನ್ನು ತುಂಬಿದ ಜೆಲ್‌ಗಳ ಕೆಲಸವಂತೂ ಹೆಚ್ಚಾಗಿ ಇಲಿಗಳ ಮೇಲೆಯೇ ನಡೆದಿದೆ.

ಸತ್ತ ಮೂಳೆಯನ್ನು ಕೆರೆದು ತೆಗೆಯದೆ ಯಾವ ಜೆಲ್ ತುಂಬಿದರೂ ಅದು ಕೊಳೆಯ ಮೇಲೆ ಬಳಿದ ಸುಣ್ಣವೇ. ಇಂಜೆಕ್ಷನ್ ವಿಷಯದಲ್ಲಿ ಮಾತ್ರ ಸಮಾಧಾನವಿದೆ: ಬ್ರಿಟನ್ನಿನಲ್ಲಿ 1,054 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಆರು ವಾರಗಳಲ್ಲಿ ತಕ್ಕ ಮಾತ್ರೆಗಳು ಇಂಜೆಕ್ಷನ್‌ಗಿಂತ ಹಿಂದೆ ಬೀಳಲಿಲ್ಲ. ಮೂಳೆ ಕೂಡಿದೆಯೇ, ರಾಡ್ ತೆಗೆಯಬಹುದೇ, ಸೋಂಕಿನ ಜಾಗದಲ್ಲೇ ಔಷಧ ಇಡುತ್ತೀರಾ ಎಂದು ನಿಮ್ಮ ಮೂಳೆತಜ್ಞರನ್ನು ಕೇಳಿ. ಒಳಗಿನ ಮೂಳೆಯ ಚೂರುಗಳನ್ನೇ ಕಲ್ಚರ್‌ಗೆ ಕಳುಹಿಸುವಂತೆಯೂ ವಿನಂತಿಸಿ. ಚರ್ಮದ ಮೇಲೆ ಸೋರಿದ ಕೀವಿನ ವರದಿ ಎಷ್ಟೋ ಸಲ ಬೇರೆ ಬ್ಯಾಕ್ಟೀರಿಯಾವನ್ನೇ ತೋರಿಸುತ್ತದೆ.