ಅಣಬೆಯ ಪುಡಿ ಗಡ್ಡೆಯನ್ನು ಕರಗಿಸುವುದೇ?

ಪ್ರಶ್ನೆ: ನಮ್ಮ ಅತ್ತೆಯವರಿಗೆ ಜಠರದ ಕ್ಯಾನ್ಸರಿಗಾಗಿ ಕೀಮೋಥೆರಪಿ ನಡೆಯುತ್ತಿದೆ. ಗಡ್ಡೆ ಕರಗುತ್ತದೆಂದು ನೆಂಟರೊಬ್ಬರು ಔಷಧೀಯ ಅಣಬೆಯ ಪುಡಿಯನ್ನು ತಂದುಕೊಟ್ಟಿದ್ದಾರೆ. ಕೊಡಬಹುದೇ? ನಮ್ಮ ಸೊಪ್ಪಿನ ಬೆಟ್ಟದಲ್ಲಿ ಮಳೆಗಾಲಕ್ಕೆ ಏಳುವ ಅಣಬೆಗೂ ಈ ಗುಣವಿದೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ನೆಂಟರ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಣಬೆಯ ಕೋಶಭಿತ್ತಿಯಲ್ಲಿರುವ ಬೀಟಾ-ಗ್ಲೂಕಾನ್ ಎಂಬ ಅಂಶವು ನಮ್ಮ ಬಿಳಿ ರಕ್ತಕಣಗಳ ಮೇಲಿನ ಡೆಕ್ಟಿನ್-1 ಎಂಬ ಗ್ರಾಹಕಕ್ಕೆ (ರಿಸೆಪ್ಟರ್, ಅಂದರೆ ಗುರುತು ಹಿಡಿಯುವ ಅಣುವಿಗೆ) ಅಂಟಿಕೊಂಡು, ಶಿಲೀಂಧ್ರವೊಂದು ಒಳನುಗ್ಗಿದೆಯೆಂಬ ಎಚ್ಚರವನ್ನು ಮೂಡಿಸಿ, ರೋಗನಿರೋಧಕ ವ್ಯವಸ್ಥೆಯನ್ನು ಚುರುಕುಗೊಳಿಸುತ್ತದೆ. ಶಿಟಾಕೆ ಅಣಬೆಯಿಂದ ಪಡೆದ ಲೆಂಟಿನಾನ್ ಎಂಬ ಬೀಟಾ-ಗ್ಲೂಕಾನ್‌ಗೆ ಜಪಾನ್ 1985ರಲ್ಲಿ ಅನುಮತಿ ನೀಡಿದ್ದು ಜಠರದ ಕ್ಯಾನ್ಸರಿಗೇ. ಆದರೆ ಶುದ್ಧೀಕರಿಸಿದ ಚುಚ್ಚುಮದ್ದಾಗಿ, ಅದೂ ಕೀಮೋಥೆರಪಿಯ ಜೊತೆಗೇ ಹೊರತು ಅದರ ಬದಲಿಗಲ್ಲ. ಆ ಪುರಾವೆಯನ್ನು ಡಬ್ಬಿಯ ಪುಡಿಗೂ ಅನ್ವಯಿಸುವುದು ನನಗೆ ಸರಿಕಾಣದು. ಪುಡಿ ರೈಶಿ ಅಣಬೆಯದಾಗಿದ್ದರೆ, ರಕ್ತ ತೆಳುಗೊಳಿಸುವ ಮಾತ್ರೆಗಳ ಜೊತೆ ಸೇರಿ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಡಬ್ಬಿಯನ್ನೇ ಒಯ್ದು ಕ್ಯಾನ್ಸರ್ ವೈದ್ಯರಿಗೆ ತೋರಿಸಿ. ಅವರು ಒಪ್ಪುವವರೆಗೆ ಕೊಡಬೇಡಿ.

ಬೆಟ್ಟದ ಅಣಬೆ ಊಟದ ಪದಾರ್ಥವೇ ಹೊರತು ಔಷಧವಲ್ಲ. ಸರಿಯಾಗಿ ಗುರುತು ಸಿಗದ ಅಣಬೆಯನ್ನಂತೂ ಅತ್ತೆಯವರಿಗೆ ಬಡಿಸಲೇಬೇಡಿ.