ನೋಯದ ಹುಣ್ಣು, ಮಾಯದ ಹುಣ್ಣು

ಪ್ರಶ್ನೆ: ಪೀಣ್ಯದ ಒಂದು ಪ್ಲೇಟಿಂಗ್ ಶಾಪ್‌ನಲ್ಲಿ ಎಂಟು ತಿಂಗಳಿಂದ ಹಾರ್ಡ್ ಕ್ರೋಮ್ ಟ್ಯಾಂಕ್ (ಲೋಹದ ಭಾಗಗಳ ಮೇಲೆ ಕ್ರೋಮಿಯಂ ಪದರ ಕೂರಿಸುವ ಆಸಿಡ್ ತೊಟ್ಟಿ) ನೋಡಿಕೊಳ್ಳುತ್ತಿದ್ದೇನೆ. ಬಲಗೈ ಬೆರಳಿನ ಗೆಣ್ಣಿನ ಮೇಲೆ ಮೆಣಸಿನ ಕಾಳು ಕೂರುವಷ್ಟು ಎರಡು ಗುಂಡಿ ಬಿದ್ದಿವೆ. ನೋವು ಚೂರೂ ಇಲ್ಲ, ಆದರೆ ತಿಂಗಳಾದರೂ ಮಾಯುತ್ತಿಲ್ಲ. ಅಮ್ಮ ಉಷ್ಣ ಅನ್ನುತ್ತಾರೆ. ಸೂಪರ್‌ವೈಸರ್ "ಎಲ್ಲರಿಗೂ ಆಗುತ್ತೆ ಬಿಡು" ಅನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಉಷ್ಣ ಅಲ್ಲ. ಅಮ್ಮ ಕೊಟ್ಟ ಎಳನೀರು ಕುಡಿಯಿರಿ, ಬೇಡ ಅನ್ನುವುದಿಲ್ಲ, ಹುಣ್ಣು ಮಾತ್ರ ಅದರಿಂದ ಮಾಯುವುದಿಲ್ಲ. ನೀವು ಬರೆದಿರುವುದನ್ನು ನೋಡಿದರೆ ಇದು ಬಹುತೇಕ ಕ್ರೋಮ್ ಹುಣ್ಣು. ನಿಮ್ಮ ಟ್ಯಾಂಕಿನಲ್ಲಿರುವ ಕ್ರೋಮಿಕ್ ಆಸಿಡ್ ಚರ್ಮದ ಸಣ್ಣ ಗೀರು, ಉಗುರಿನ ಬುಡ, ಗೆಣ್ಣಿನ ಬಿರುಕು ಎಲ್ಲಿ ಸಿಕ್ಕರೆ ಅಲ್ಲಿ ಒಳಗಿಳಿದು, ಪಂಚ್ ಹೊಡೆದ ಹಾಗೆ ದುಂಡಗೆ ತೂತು ಕೊರೆಯುತ್ತದೆ. ಅಂಚು ದಪ್ಪ, ಮೇಲೊಂದು ಹಕ್ಕಳೆ. ನೋವಿಲ್ಲ, ಅದೇ ಮೋಸ. ನೋವಿದ್ದಿದ್ದರೆ ಮೊದಲ ವಾರವೇ ಡಾಕ್ಟರ ಹತ್ತಿರ ಹೋಗುತ್ತಿದ್ದಿರಿ, ಅಲ್ವಾ?

ನೂಲಿನ ಗ್ಲೌಸ್ ಹಾಕುತ್ತಿದ್ದರೆ ಇವತ್ತೇ ಬಿಡಿ. ಅದು ಆಸಿಡ್ ಹೀರಿಕೊಂಡು ಶಿಫ್ಟ್ ಮುಗಿಯುವ ತನಕ ಕೈಗೆ ಮೆತ್ತಿಡುತ್ತದೆ. ತೂತು ಬಿದ್ದ ರಬ್ಬರ್ ಗ್ಲೌಸೂ ಅಷ್ಟೇ. ಮೊಣಕೈ ತನಕ ಬರುವ ಪಿವಿಸಿ ಗ್ಲೌಸ್ ಕೇಳಿ, ಹಾಕುವ ಮುಂಚೆ ಗಾಳಿ ತುಂಬಿ ಹಿಂಡಿ ನೋಡಿ. ಆಸಿಡ್ ಸಿಡಿದರೆ ವೇಸ್ಟ್ ಬಟ್ಟೆಯಲ್ಲಿ ಒರೆಸಿ ಸುಮ್ನಾಗಬೇಡಿ, ನಲ್ಲಿ ಬಿಟ್ಟು ಕಾಲು ಗಂಟೆ ಕೈ ಹಿಡಿಯಿರಿ. ಕೈ ತೊಳೆಯಲು ಥಿನ್ನರ್ ಅಂತೂ ಬೇಡವೇ ಬೇಡ.

ನೀವು ಕೇಳಿಲ್ಲ, ನಾನೇ ಕೇಳುತ್ತೇನೆ: ಮೂಗು ಹೇಗಿದೆ? ಕರೆಂಟ್ ಕೊಟ್ಟಾಗ ಟ್ಯಾಂಕಿನಲ್ಲಿ ಏಳುವ ಗುಳ್ಳೆ ಒಡೆದು ಮಂಜಿನ ಹಾಗೆ ಹಾರುತ್ತದಲ್ಲ, ಅದು ಮೂಗಿನ ನಡುಗೋಡೆಯನ್ನೂ ಹೀಗೇ ಕೊರೆಯುತ್ತದೆ. ಮೊದಲು ಹಕ್ಕಳೆ, ಆಮೇಲೆ ರಕ್ತ, ತೂತಾದರೆ ಉಸಿರಾಡುವಾಗ ಸಿಳ್ಳೆ ಸದ್ದು. ವರ್ಷಗಟ್ಟಲೆ ಕುಡಿದ ಈ ಗಾಳಿಯಿಂದ ಶ್ವಾಸಕೋಶದ ಕ್ಯಾನ್ಸರ್ ಕೂಡ ಬರಬಹುದು. ಟ್ಯಾಂಕಿನ ಅಂಚಿಗೆ ಎಕ್ಸಾಸ್ಟ್ ಇದೆಯಾ? ಇದ್ದರೆ ಓಡುತ್ತಿದೆಯಾ? (ಕರೆಂಟ್ ಬಿಲ್ ಜಾಸ್ತಿ ಬರುತ್ತದೆ ಅಂತ ಆಫ್ ಮಾಡುವವರೂ ಇದ್ದಾರೆ.)

ಇನ್ನು ಆ ಸೂಪರ್‌ವೈಸರ್ ಮಾತು. ಎಲ್ಲರಿಗೂ ಆಗುತ್ತದೆ ಅಂತಲೇ 1948ರ ಕಾರ್ಖಾನೆ ಕಾಯ್ದೆ ಕ್ರೋಮ್ ಹುಣ್ಣನ್ನು ಹೆಸರು ಹಿಡಿದು ವೃತ್ತಿರೋಗಗಳ ಪಟ್ಟಿಗೆ ಸೇರಿಸಿದ್ದು. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದು ಇಎಸ್‌ಐ ಕಡಿತ ಆಗುತ್ತಿದ್ದರೆ, ಕಾಂಟ್ರ್ಯಾಕ್ಟ್ ಆದರೂ ಸರಿ, ಈ ವಾರವೇ ಇಎಸ್‌ಐ ಆಸ್ಪತ್ರೆಗೆ ಹೋಗಿ ಚರ್ಮದ ಡಾಕ್ಟರನ್ನು ನೋಡಿ. "ಗಾಯ ಆಗಿದೆ" ಅಂದರೆ ಮುಲಾಮು ಕೊಟ್ಟು ಕಳಿಸುತ್ತಾರೆ. "ಕ್ರೋಮ್ ಟ್ಯಾಂಕಿನಲ್ಲಿ ಕೆಲಸ" ಅಂತ ಮೊದಲೇ ಹೇಳಿ, ಮೂಗನ್ನೂ ತೋರಿಸಿ, ಮಾಯುವ ತನಕ ಟ್ಯಾಂಕಿನಿಂದ ದೂರದ ಕೆಲಸ ಕೊಡಬೇಕು ಅಂತ ಚೀಟಿಯಲ್ಲೇ ಬರೆಸಿಕೊಳ್ಳಿ. ಚೀಟಿ ಆಫೀಸಿಗೆ ಕೊಡುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ.