ಮ್ಯಾಚ್ ಮುಗಿದು ಮೂರು ವಾರ, ನಿದ್ದೆ ಮಾತ್ರ ಇನ್ನೂ ಬಂದಿಲ್ಲ

2023ರ ಕ್ರಿಕೆಟ್ ವಿಶ್ವಕಪ್ ಫೈನಲ್‌ನಲ್ಲಿ ಭಾರತ ಆಸ್ಟ್ರೇಲಿಯಾಗೆ ಸೋತಮೇಲೆ ನಿದ್ದೆ ಬಗ್ಗೆ ತುಂಬಾ ಪತ್ರಗಳು ಬಂದಿವೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ಮೂರು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಡಾಕ್ಟರ್ ಮೇಡಂ, ನಮಸ್ಕಾರ. ನನಗೆ 27 ವರ್ಷ. ದಾವಣಗೆರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ನವೆಂಬರ್ 19ರಂದು ಅಹಮದಾಬಾದ್‌ನಲ್ಲಿ ಫೈನಲ್ ಸೋತ ಮೇಲೆ ಸರಿಯಾಗಿ ನಿದ್ದೆ ಇಲ್ಲ. ಹನ್ನೊಂದಕ್ಕೆ ಮಲಗುತ್ತೇನೆ. ಕಣ್ಣು ಮುಚ್ಚಿದರೆ ಸಾಕು, ರೋಹಿತ್ ಹೊಡೆದ ಬಾಲ್ ಮೇಲೆ ಹೋಗುತ್ತೆ, ಟ್ರಾವಿಸ್ ಹೆಡ್ ಹಿಂದಕ್ಕೆ ಓಡಿ ಹಿಡಿದುಬಿಡ್ತಾನೆ. ಆಮೇಲೆ ಕೊಹ್ಲಿ ಬ್ಯಾಟಿಗೆ ತಾಗಿ ಸ್ಟಂಪಿಗೆ ಬಡಿದ ಬಾಲ್. ಆಮೇಲೆ ನಮ್ಮ ರಾಹುಲ್, 107 ಬಾಲಿಗೆ 66. ರಾತ್ರಿ ಎರಡು ಮೂರು ಗಂಟೆವರೆಗೂ ಇದೇ. ಎದ್ದು ಮೊಬೈಲಲ್ಲಿ ಹೈಲೈಟ್ಸ್ ಹಾಕ್ತೇನೆ, ಈ ಸಲವಾದರೂ ಹೆಡ್ ಕೈಬಿಡ್ತಾನೇನೋ ಅನ್ನೋ ಹಾಗೆ. ಬೆಳಿಗ್ಗೆ ಕೈ ನಡುಗುತ್ತೆ, ಸೋಲ್ಡರಿಂಗ್ ಮಾಡೋಕೆ ಆಗ್ತಿಲ್ಲ. ಅಪ್ಪನೂ ನಾನೂ ಹತ್ತು ಮ್ಯಾಚ್ ಜೊತೆಗೇ ಕೂತು ನೋಡಿದ್ವಿ, ಹತ್ತೂ ಗೆದ್ವಿ. ಹನ್ನೊಂದನೆಯದು ಸೋತ್ವಿ. ಅವತ್ತಿಂದ ನಮ್ಮಿಬ್ಬರ ನಡುವೆ ಆ ಮಾತೇ ಇಲ್ಲ. ಹೆಂಡತಿ "ಒಂದು ಆಟಕ್ಕೆ ಹಿಂಗೆ ಆಡ್ತಾರಾ?" ಅಂತಾಳೆ. ನನಗೇನಾದರೂ ಮಾನಸಿಕ ಕಾಯಿಲೆ ಇದೆಯಾ? ನಿದ್ದೆ ಮಾತ್ರೆ ತಗೋಬಹುದಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ಕಾಯಿಲೆ ಅಂತ ಹೆದರಬೇಡಿ. ನಿಮಗೆ ಆಗಿರೋದು ದುಃಖ. ಅದನ್ನು ದುಃಖ ಅಂತ ಯಾರೂ ಒಪ್ಪುತ್ತಿಲ್ಲ, ನೀವೂ ಒಪ್ಪುತ್ತಿಲ್ಲ. ಅದಕ್ಕೇ ಅದು ರಾತ್ರಿ ಹೊತ್ತು ಬರುತ್ತಿದೆ.

ನಿಮ್ಮ ಪತ್ರದಲ್ಲಿ ಒಂದು ಪದ ನನ್ನ ಕಣ್ಣಿಗೆ ಬಿತ್ತು. "ಹತ್ತೂ ಗೆದ್ವಿ, ಹನ್ನೊಂದನೆಯದು ಸೋತ್ವಿ" ಅಂತ ಬರೆದಿದ್ದೀರಿ. 1976ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಜೊತೆಯವರು ಕಾಲೇಜು ಹುಡುಗರ ಮೇಲೆ ಒಂದು ಅಧ್ಯಯನ ಮಾಡಿದರು. ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದರೆ ಸೋಮವಾರ ಕಾಲೇಜಿನ ಹೆಸರಿರುವ ಬಟ್ಟೆ ಹಾಕಿಕೊಂಡು ಬರುವವರು ಜಾಸ್ತಿ. ಗೆದ್ದ ಆಟದ ಬಗ್ಗೆ ಮಾತಾಡುವಾಗ "ನಾವು" ಅನ್ನೋದು ಜಾಸ್ತಿ, ಸೋತ ಆಟಕ್ಕೆ ಬಂದಾಗ ಆ "ನಾವು" ಕಡಿಮೆ ಆಗುತ್ತಿತ್ತು. ನೀವು ಸೋತ ಮೇಲೂ "ನಾವು" ಬಿಟ್ಟಿಲ್ಲ. ಅಷ್ಟು ಹಚ್ಚಿಕೊಂಡವರಿಗೆ ನೋವಾಗದೆ ಇರುತ್ತಾ?

ಈಗ ಹಾಸಿಗೆ ವಿಷಯಕ್ಕೆ ಬರೋಣ. ಮ್ಯಾಚ್ ನೋಡುವಾಗ ನಿಮ್ಮ ಮೈಯಲ್ಲಿ ಅಡ್ರಿನಲಿನ್ ಏರಿತ್ತು. ಎದೆ ಬಡಿತ ಜೋರಾಗಿತ್ತು, ಅಂಗೈ ಬೆವರಿತ್ತು. ನೀವು ಸೋಫಾದ ಮೇಲೆ ಕೂತಿದ್ದೀರಾ, ಮೈದಾನದಲ್ಲಿ ಇದ್ದೀರಾ ಅನ್ನೋದು ಮೈಗೆ ಅಷ್ಟಾಗಿ ಗೊತ್ತಾಗಲ್ಲ. ಅವತ್ತು ಒಂದು ರಾತ್ರಿ ನಿದ್ದೆ ಕೆಟ್ಟಿದ್ದು ಸಹಜ. ಎರಡು ಮೂರು ರಾತ್ರಿ ಕೆಟ್ಟಿದ್ದರೂ ನಾನು ಏನೂ ಹೇಳುತ್ತಿರಲಿಲ್ಲ. ಆದರೆ ನೀವು ಆಮೇಲೆ ಪ್ರತಿ ರಾತ್ರಿ ಹಾಸಿಗೆಯಲ್ಲೇ ಆ ಮ್ಯಾಚನ್ನು ಮತ್ತೆ ಆಡಿದಿರಿ. ಹಾಸಿಗೆ ಕಂಡರೆ ನಿದ್ದೆ ಬರಬೇಕು ಅನ್ನೋದು ನಮಗೆ ಅಭ್ಯಾಸದಿಂದ ಬಂದ ವಿಷಯ. ಒಗ್ಗರಣೆ ವಾಸನೆಗೆ ಹಸಿವಾಗುವ ಹಾಗೆ. ಆ ಅಭ್ಯಾಸ ಮೂರು ವಾರದಲ್ಲಿ ತಿರುಗಿಬಿದ್ದಿದೆ. ದಿಂಬಿಗೆ ತಲೆ ಕೊಟ್ಟರೆ ನಿಮ್ಮ ಮಿದುಳಿಗೆ ಅದು ಮಲಗುವ ಕೋಣೆಯಲ್ಲ, ಅಹಮದಾಬಾದ್ ಸ್ಟೇಡಿಯಂ.

ಇಲ್ಲಿ ನಮ್ಮ ಮನೆಯ ಒಂದು ಸಂಗತಿ ಹೇಳಬೇಕು.

1987ರ ಮಾರ್ಚ್. ನಾನು ಒಂಬತ್ತನೇ ಕ್ಲಾಸ್. ನಮ್ಮಪ್ಪ ಜಾಲಹಳ್ಳಿಯ ಎಚ್‌ಎಂಟಿಯಲ್ಲಿದ್ದರು. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಪಾಕಿಸ್ತಾನದ ಜೊತೆ ಟೆಸ್ಟ್. ಗೆಲ್ಲೋಕೆ 221 ಬೇಕಿತ್ತು. ಕೊನೆಯ ದಿನ, 17ನೇ ತಾರೀಕು, ಅಪ್ಪ ರಜೆ ಹಾಕಿ, ನನಗೂ ಸ್ಕೂಲು ತಪ್ಪಿಸಿ ಕರೆದುಕೊಂಡು ಹೋದರು. ಪಿಚ್ ಮೇಲೆ ಬಾಲ್ ಬಿದ್ದರೆ ಧೂಳು ಏಳುತ್ತಿತ್ತು. ಕೆಲವು ಬಾಲ್ ಎದೆಮಟ್ಟಕ್ಕೆ ಎಗರೋದು, ಕೆಲವು ನೆಲದಲ್ಲೇ ಹೋಗೋದು. ಆ ಪಿಚ್‌ನಲ್ಲಿ ಗಾವಸ್ಕರ್ ಗಂಟೆಗಟ್ಟಲೆ ನಿಂತರು. 96ಕ್ಕೆ ಇಕ್ಬಾಲ್ ಖಾಸಿಮ್ ಬಾಲಿಗೆ ಸ್ಲಿಪ್‌ನಲ್ಲಿ ಕ್ಯಾಚ್ ಹೋಯಿತು. ಅದೇ ಅವರ ಕೊನೆಯ ಟೆಸ್ಟ್ ಇನಿಂಗ್ಸ್. ಕೊನೆಗೆ ನಮ್ಮ ರೋಜರ್ ಬಿನ್ನಿ ಔಟಾದಾಗ ಸ್ಕೋರು 204. ಹದಿನಾರು ರನ್ನಿಗೆ ಸೋತ್ವಿ.

ಬಸ್ಸಿನಲ್ಲಿ ಅಪ್ಪ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಊಟ ಬೇಡ ಅಂದರು. ಅಮ್ಮ ಮೊಸರನ್ನ ಕಲಸಿ ತಂದರೂ ಮುಟ್ಟಲಿಲ್ಲ. ನಮ್ಮಜ್ಜಿ ತುಮಕೂರು ಕಡೆಯ ಹಳ್ಳಿಯವರು, ಕ್ರಿಕೆಟ್ ಅಂದರೆ ಏನಂತಲೇ ಗೊತ್ತಿಲ್ಲ. ಅವತ್ತು ಹಿಂದಿನ ಮೆಟ್ಟಿಲ ಹತ್ರ ಗೋಣಿಚೀಲ ಹಾಸಿಕೊಂಡು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಅಪ್ಪ ಹೋಗಿ ಪಕ್ಕದಲ್ಲಿ ಕೂತರು. ಅಜ್ಜಿ ಕೈಗೆ ಒಂದು ಹಿಡಿ ಹುಣಸೆಹಣ್ಣು ಕೊಟ್ಟು, "ಏನಾಯ್ತಪ್ಪಾ, ಮೊದಲಿಂದ ಹೇಳು" ಅಂದರು.

ಅಪ್ಪ ಮೊದಲಿಂದ ಹೇಳಿದರು. ಬೀಜ ಬಿಡಿಸ್ತಾ ಬಿಡಿಸ್ತಾ ಇಡೀ ದಿನದ ಆಟ ಹೇಳಿದರು. ಅಜ್ಜಿ ಹರಿಕಥೆ ಕೇಳುವ ಹಾಗೆ "ಆಮೇಲೆ?" ಅನ್ನೋರು. "ಅಯ್ಯೋ, ನಾಲ್ಕಕ್ಕೆ ನೂರು ತಪ್ಪಿತಾ? ಆಮೇಲೆ?" "ಆಮೇಲೆ ಬಿನ್ನಿ ಇದ್ದ." "ಅವನು ಯಾವ ಊರವನು?" "ನಮ್ಮ ಬೆಂಗಳೂರಿನವನೇ ಅಮ್ಮಾ." ಬಿನ್ನಿ ಔಟಾದ ಹತ್ರ ಬಂದಾಗ ಅಪ್ಪನ ಗಂಟಲು ಕಟ್ಟಿತು. ಅಜ್ಜಿ ಸಮಾಧಾನದ ಮಾತು ಏನೂ ಆಡಲಿಲ್ಲ. ಅಂಟು ಕೈಯಲ್ಲೇ ಅವರ ಬೆನ್ನು ಮುಟ್ಟಿದರು, ಅಷ್ಟೇ. ಅಪ್ಪ ಎದ್ದು ಕೈ ತೊಳೆದು ಮೊಸರನ್ನ ತಿಂದರು. ಒಂಬತ್ತೂವರೆಗೆ ಗೊರಕೆ ಹೊಡೆಯುತ್ತಿದ್ದರು. ನಾನು ಯಾರಿಗೂ ಏನೂ ಹೇಳದೆ ಮಲಗಿದ್ದೆ. ನನಗೆ ಬೆಳಗಿನ ಜಾವದವರೆಗೂ ನಿದ್ದೆ ಬರಲಿಲ್ಲ.

ಡಾಕ್ಟರ್ ಆದ ಎಷ್ಟೋ ವರ್ಷದ ಮೇಲೆ ನನಗೆ ಅದು ಅರ್ಥವಾಯಿತು. ಮನೆಯಲ್ಲಿ ಸಾವಾದರೆ ನೆಂಟರು ಬರುತ್ತಾರೆ, ಹೇಗಾಯ್ತು ಅಂತ ಕೇಳುತ್ತಾರೆ, ಹತ್ತು ಜನಕ್ಕೆ ಹತ್ತು ಸಲ ಹೇಳುತ್ತೇವೆ. ಸೋಲು ಸಾವಿಗೆ ಸಮ ಅಂತ ನಾನು ಹೇಳುತ್ತಿಲ್ಲ. ಆದರೆ ಮ್ಯಾಚ್ ಸೋತ ಮನೆಗೆ ಯಾರೂ ಬರೋದಿಲ್ಲ, ಯಾರೂ ಕೇಳೋದಿಲ್ಲ. ಹೇಳದೆ ಉಳಿದದ್ದು ದೀಪ ಆರಿಸಿದ ಮೇಲೆ ತಾನೇ ಹೇಳಿಕೊಳ್ಳೋಕೆ ಶುರು ಮಾಡುತ್ತೆ.

ಅದಕ್ಕೆ ನಿಮಗೆ ನನ್ನ ಮೊದಲ ಔಷಧಿ ನಿಮ್ಮಪ್ಪ. ಸಂಜೆ ಏಳರ ಸುಮಾರಿಗೆ, ಬೆಳಕು ಇರುವ ಕಡೆ, ಮಲಗುವ ಕೋಣೆಯಲ್ಲಿ ಅಲ್ಲ, ಅವರ ಜೊತೆ ಕೂತುಕೊಳ್ಳಿ. ಟಾಸ್‌ನಿಂದ ಶುರು ಮಾಡಿ. ಮಧ್ಯದಲ್ಲಿ 97 ಬಾಲ್ ಒಂದು ಬೌಂಡರಿ ಇಲ್ಲದೆ ಹೋಯ್ತಲ್ಲ, ಆವಾಗ ಅವರ ಮನಸ್ಸಿನಲ್ಲಿ ಏನಿತ್ತು ಕೇಳಿ. ಆಸ್ಟ್ರೇಲಿಯಾ 47ಕ್ಕೆ 3 ಆದಾಗ ಗೆದ್ದೇ ಬಿಟ್ವಿ ಅಂತ ಇಬ್ಬರಿಗೂ ಅನಿಸಿರಬೇಕು, ಅಲ್ವಾ? ಅದನ್ನೂ ಹೇಳಿ. ಹೆಂಡತಿಯೂ ಕೂತು ಕೇಳಲಿ. ಅವರಿಗೆ ಆಟ ಅರ್ಥವಾಗಬೇಕಾಗಿಲ್ಲ.

ರಾತ್ರಿಗೆ ಕೆಲವು ಮಾತು. ಹನ್ನೊಂದಕ್ಕೇ ಮಲಗಬೇಕು ಅಂತ ಹಟ ಬೇಡ. ಕಣ್ಣು ಎಳೆಯುವಾಗ ಹೋಗಿ, ಹನ್ನೆರಡೂವರೆ ಆದರೂ ಪರವಾಗಿಲ್ಲ. ಸುಮಾರು ಇಪ್ಪತ್ತು ನಿಮಿಷ ಆದರೂ ನಿದ್ದೆ ಹತ್ತಲಿಲ್ಲ ಅನಿಸಿದರೆ ಎದ್ದು ಬೇರೆ ಕೋಣೆಗೆ ಹೋಗಿ. ಗಡಿಯಾರ ನೋಡಬೇಡಿ. ಮಂದ ಬೆಳಕಲ್ಲಿ ಸುಮ್ನೆ ಕೂತುಕೊಳ್ಳಿ, ಬಟ್ಟೆ ಮಡಚಿ, ಹಳೇ ಪತ್ರಿಕೆ ಓದಿ. ಕಣ್ಣು ತೂಗಿದಾಗ ವಾಪಸ್ ಬನ್ನಿ. ರಾತ್ರಿ ಎಷ್ಟೇ ಹೊತ್ತಾಗಿರಲಿ, ಬೆಳಿಗ್ಗೆ ಆರೂವರೆಗೆ ಏಳಲೇಬೇಕು, ಭಾನುವಾರವೂ ಅಷ್ಟೇ. ಇದೇ ಎಲ್ಲಕ್ಕಿಂತ ಮುಖ್ಯ. ಮಧ್ಯಾಹ್ನ ಅಂಗಡಿಯಲ್ಲಿ ತೂಕಡಿಸಬೇಡಿ. ಮೂರು ಗಂಟೆ ಆದಮೇಲೆ ಟೀ ಕಾಫಿ ಬೇಡ. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯೋಕೇ ಐದಾರು ಗಂಟೆ ಹಿಡಿಯುತ್ತೆ. ನಿದ್ದೆಗೆ ಅಂತ ಒಂದು ಪೆಗ್ ಹಾಕುವವರಿಗೂ ಈ ಮಾತು ಹೇಳಿಬಿಡುತ್ತೇನೆ. ಅದು ಬೇಗ ಮಲಗಿಸುತ್ತೆ, ಆದರೆ ನಡುರಾತ್ರಿ ಎಬ್ಬಿಸಿ ಕೂರಿಸುತ್ತೆ. ಹೈಲೈಟ್ಸ್ ಪೂರ್ತಿ ನಿಲ್ಲಿಸಿ. ಪ್ರತಿ ಸಲ ನೋಡಿದಾಗಲೂ ಆ ಗಾಯದ ಹೊಪ್ಪಳೆ ಕಿತ್ತ ಹಾಗೆ. ಹೆಡ್ ಆ ಕ್ಯಾಚ್ ಬಿಡೋದಿಲ್ಲ.

ಒಂದು ಪ್ರಶ್ನೆ ಕೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ಆ ಮ್ಯಾಚಿಗೆ ದುಡ್ಡು ಕಟ್ಟಿದ್ರಾ? ಬೆಟ್ಟಿಂಗೋ, ಮೊಬೈಲ್ ಆ್ಯಪೋ, ಯಾವುದಾದರೂ ಸರಿ. ನನ್ನ ಕ್ಲಿನಿಕ್ಕಿಗೆ ಇದೇ ಮಾತು ಹೇಳಿಕೊಂಡು ಬಂದ ಹುಡುಗರಲ್ಲಿ ಕೆಲವರು ಎರಡನೇ ಸಲ ಬಂದಾಗ ತಲೆ ತಗ್ಗಿಸಿ ಸಾಲದ ಲೆಕ್ಕ ಹೇಳಿದ್ದಾರೆ. ಹಾಗೇನಾದರೂ ಇದ್ದರೆ ನಿದ್ದೆ ಕೆಡಿಸುತ್ತಿರುವುದು ಸಾಲ. ಅದನ್ನೂ ಇವತ್ತೇ ಮನೆಯಲ್ಲಿ ಹೇಳಿ. ಇಲ್ಲದಿದ್ದರೆ ಈ ಪ್ಯಾರಾ ನಿಮಗಲ್ಲ, ಓದುತ್ತಿರುವ ಇನ್ನೊಬ್ಬರಿಗೆ.

ಮೆಡಿಕಲ್ ಶಾಪಿನಿಂದ ನೀವೇ ಮಾತ್ರೆ ತರಬೇಡಿ. ಕೈ ನಡುಕಕ್ಕೆ ಒಂದು ಸಲ ಬಿಪಿ, ಶುಗರ್, ಥೈರಾಯ್ಡ್ ನೋಡಿಸಿ. ನಿದ್ದೆ ಕೆಟ್ಟಿದ್ದಕ್ಕೇ ನಡುಗುತ್ತಿರಬಹುದು, ಆದರೂ ನೋಡಿಸೋದು ಒಳ್ಳೇದು. ಹೀಗೆ ಎರಡು ಮೂರು ವಾರ ಮಾಡಿಯೂ ಸುಧಾರಿಸದಿದ್ದರೆ ಡಾಕ್ಟರ ಹತ್ರ ಹೋಗಿ. ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ, ಬದುಕೇ ಬೇಡ ಅನ್ನೋ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಮ್ಮ ಮಾವನವರಿಗೆ 68 ವರ್ಷ. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಫೈನಲ್ ದಿನ ರಾತ್ರಿಯೆಲ್ಲಾ ಎದ್ದು ಓಡಾಡುತ್ತಿದ್ದರು, ಎದೆ ಭಾರ ಅಂದರು, ಆಮೇಲೆ ತಾನಾಗೇ ಕಡಿಮೆ ಆಯಿತು. ಇನ್ನು ಮ್ಯಾಚ್ ನೋಡೋಕೆ ಬಿಡಬಹುದಾ?
— ಓದುಗರು, ಮೈಸೂರು

ಉತ್ತರ: ತಾನಾಗೇ ಕಡಿಮೆ ಆಯಿತು ಅಂತ ಬಿಡಬೇಡಿ ತಾಯಿ. ಈ ಪತ್ರಿಕೆ ಕೈಗೆ ಸಿಕ್ಕ ದಿನವೇ ಅವರನ್ನು ಹೃದಯದ ಡಾಕ್ಟರ ಹತ್ರ ಕರೆದುಕೊಂಡು ಹೋಗಿ. ಇನ್ನೊಂದು ಸಲ ಎದೆ ಭಾರ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆ ಗಳಿಗೆಯೇ ಆಸ್ಪತ್ರೆಗೆ ಹೊರಡಿ.

ಆಟ ನೋಡಿ ಎದೆನೋವು ಬರುತ್ತಾ ಅಂತ ಜನ ನಗಬಹುದು. 1998ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಪೆನಾಲ್ಟಿಯಲ್ಲಿ ಅರ್ಜೆಂಟೀನಾಗೆ ಸೋತ ದಿನ ಮತ್ತು ಮುಂದಿನ ಎರಡು ದಿನ ಅಲ್ಲಿನ ಆಸ್ಪತ್ರೆಗಳಿಗೆ ಹೃದಯಾಘಾತ ಆಗಿ ಸೇರಿದವರು ಶೇ 25ರಷ್ಟು ಹೆಚ್ಚಾಗಿದ್ದರು. 2006ರಲ್ಲಿ ಮ್ಯೂನಿಕ್ ಸುತ್ತಮುತ್ತ, ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ಕೇಸುಗಳು ಎರಡೂವರೆ ಪಟ್ಟಿಗಿಂತ ಜಾಸ್ತಿ ಆಗಿದ್ದವು. ಮೊದಲೇ ಹೃದಯದ ತೊಂದರೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು.

ಹಾಗಂತ ಟಿವಿ ಕಿತ್ತುಕೊಳ್ಳಬೇಡಿ. ಡಾಕ್ಟರು ಸರಿ ಅಂದ ಮೇಲೆ ನೋಡಲಿ. ಮಾತ್ರೆ ತಪ್ಪಬಾರದು, ಅವತ್ತು ಬೋಂಡಾ, ಸಿಗರೇಟು ಬೇಡ. ಒಬ್ಬರೇ ಕೂತು ನೋಡುವುದು ಬೇಡ.

ಪ್ರಶ್ನೆ: ನನ್ನ ಮಗನಿಗೆ ಹತ್ತು ವರ್ಷ. ಫೈನಲ್ ಆದಮೇಲೆ ರಾತ್ರಿ ಎದ್ದು ಅಳುತ್ತಾನೆ. ನೀಲಿ ಜೆರ್ಸಿ ಹಾಸಿಗೆ ಕೆಳಗೆ ಬಚ್ಚಿಟ್ಟಿದ್ದಾನೆ. "ರಾಹುಲ್‌ನಿಂದಲೇ ಸೋತ್ವಿ, ಅವನು ಕೆಟ್ಟವನು" ಅಂತಾನೆ. ಗೋಡೆಯ ಮೇಲಿದ್ದ ಅವನ ಫೋಟೋ ಹರಿದ. ಏನು ಮಾಡಲಿ?
— ಒಬ್ಬ ತಾಯಿ, ಶಿರಸಿ

ಉತ್ತರ: ಅಳಲಿ ಬಿಡಿ. ರಾತ್ರಿ ಎದ್ದಾಗ ಪಕ್ಕದಲ್ಲಿ ಕೂತುಕೊಳ್ಳಿ, ದೀಪ ಹಾಕಬೇಡಿ, ಟಿವಿ ಮೊಬೈಲ್ ಬೇಡ. ಜೆರ್ಸಿಯನ್ನು ಅವನೇ ಹೊರಗೆ ತೆಗೆಯುವವರೆಗೂ ಅಲ್ಲೇ ಇರಲಿ. ಸಂಜೆ ಬೀದಿಯಲ್ಲಿ ಟೆನಿಸ್ ಬಾಲ್ ಆಡೋಕೆ ಕಳಿಸಿ, ಚೆನ್ನಾಗಿ ದಣಿಯಲಿ.

ನನಗೆ ಚಿಂತೆ ಇರೋದು ಆ ಹರಿದ ಫೋಟೋ ಬಗ್ಗೆ. 1950ರಲ್ಲಿ ಬ್ರೆಜಿಲ್ ತನ್ನ ಮನೆಯಂಗಳದಲ್ಲೇ, ಮರಕಾನಾ ಮೈದಾನದಲ್ಲಿ, ಉರುಗ್ವೆಗೆ 2–1ರಲ್ಲಿ ಸೋತು ವಿಶ್ವಕಪ್ ಕಳೆದುಕೊಂಡಿತು. ಇಡೀ ದೇಶ ಗೋಲ್‌ಕೀಪರ್ ಬಾರ್ಬೋಸಾ ಮೇಲೆ ತಪ್ಪು ಹೊರಿಸಿತು. ಅವರು ತೀರಿಕೊಂಡಿದ್ದು 2000ದಲ್ಲಿ. ಐವತ್ತು ವರ್ಷ ಆ ಒಂದು ಗೋಲು ಅವರ ಬೆನ್ನು ಬಿಡಲಿಲ್ಲ. ಹತ್ತು ವರ್ಷದ ಹುಡುಗ ಹೀಗೆ ಸಿಟ್ಟಾಗೋದು ಸಹಜ, ಆದರೆ ದೊಡ್ಡವರು ಅವನೆದುರು ಅದೇ ಮಾತು ಆಡಬಾರದು. ಅವನು ಅದನ್ನು ಮನೆಯಲ್ಲೇ ಕೇಳಿಸಿಕೊಂಡಿರಬಹುದು, ಸ್ವಲ್ಪ ಯೋಚಿಸಿ.

ಮಲಗುವ ಮುಂಚೆ ಅವನಿಗೆ ಈ ಕಥೆ ಹೇಳಿ. 1999ರ ಜನವರಿ 31, ಚೆನ್ನೈ. ಪಾಕಿಸ್ತಾನದ ಮೇಲೆ ಗೆಲ್ಲೋಕೆ 271 ಬೇಕಿತ್ತು. ಸಚಿನ್ ಬೆನ್ನುನೋವು ಕಟ್ಟಿಕೊಂಡೇ 136 ಹೊಡೆದು ಔಟಾದರು. ಇನ್ನು ಹದಿನೇಳು ರನ್ ಬೇಕು. ಉಳಿದವರು ನಾಲ್ಕೇ ಜನ, ನಾಲ್ವರೂ ನಮ್ಮ ಕರ್ನಾಟಕದವರು: ಸುನಿಲ್ ಜೋಶಿ, ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್. ಆಗಲಿಲ್ಲ. ಹನ್ನೆರಡು ರನ್ನಿಗೆ ಸೋತ್ವಿ. ಕುಂಬ್ಳೆ ಹೊಡೆದಿದ್ದು ಒಂದೇ ರನ್. ಕೊನೆಗೆ ಬೌಲ್ಡ್ ಆಗಿದ್ದು ಶ್ರೀನಾಥ್. ಆ ಸ್ಟೇಡಿಯಂನಲ್ಲಿದ್ದ ಜನ ಎದ್ದು ನಿಂತು ಪಾಕಿಸ್ತಾನದವರಿಗೆ ಚಪ್ಪಾಳೆ ತಟ್ಟಿದರು.

ಅವನು "ಆಮೇಲೆ?" ಅಂತ ಕೇಳುತ್ತಾನೆ. ಸರಿಯಾಗಿ ಏಳು ದಿನ ಆದಮೇಲೆ, ದೆಹಲಿ, ಅದೇ ಪಾಕಿಸ್ತಾನ. ಕುಂಬ್ಳೆ ಒಂದೊಂದಾಗಿ ಒಂಬತ್ತು ವಿಕೆಟ್ ತೆಗೆದರು. ಆಚೆ ತುದಿಯಿಂದ ಬೌಲಿಂಗ್ ಮಾಡಬೇಕಾದವರು ಶ್ರೀನಾಥ್. ಹತ್ತನೆಯದೂ ಗೆಳೆಯನಿಗೇ ಸಿಗಲಿ ಅಂತ ಅವರು ಬ್ಯಾಟ್ಸ್‌ಮನ್‌ಗೆ ಎಟುಕದ ಹಾಗೆ, ಸ್ಟಂಪಿನಿಂದ ದೂರ ದೂರ ಬಾಲ್ ಹಾಕುತ್ತಾ ಹೋದರು.